ಮೃಗಾಲ್ ಹಿಂಡು ನಿಲ್ಲಬೇಕಾದರೆ ಮೇವು ಹೇಗಿರಬೇಕು: ನನ್ನ ಅನುಭವ

ಗಾಳಕ್ಕೆ ಏನು ಚುಚ್ಚಬೇಕು ಅನ್ನುವ ಬಗ್ಗೆ ನಮ್ಮ ಕಡೆ ಎಲ್ಲರೂ ಮಾತಾಡುತ್ತಾರೆ. ಎರೆಹುಳು ಒಳ್ಳೆಯದೋ, ಗೋಧಿ ಹಿಟ್ಟೋ, ಜೋಳದ ಹಿಟ್ಟೋ ಅಂತ ವಾದ ಮುಗಿಯುವುದೇ ಇಲ್ಲ. ನೀರಿಗೆ ಮೊದಲೇ ಹಾಕಿ ಇಡುವ ಮೇವಿನ ಬಗ್ಗೆ ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ನಾನು ಕಂಡಂತೆ, ತಳದಲ್ಲಿ ಮೇಯುವ ಮೃಗಾಲ್ ಮೀನು ಸಿಗುವುದು, ಸಿಗದೇ ಇರುವುದು ಆ ಮೇವಿನ ಕೈಯಲ್ಲೇ ಇದೆ. ಗಾಳದ ತುದಿಯಲ್ಲಿ ಇರುವುದು ಆಮೇಲಿನ ಮಾತು.

ನಾನು ಕಲಬುರಗಿಯವನು. ಜಾಸ್ತಿ ಕೂರುವುದು ಬೆಣ್ಣೆತೊರಾ ಜಲಾಶಯದ ಹಿನ್ನೀರಿನಲ್ಲಿ. ಆಗೊಮ್ಮೆ ಈಗೊಮ್ಮೆ ಜೇವರ್ಗಿ ದಾರಿಯಲ್ಲಿ ಕಟ್ಟಿಸಂಗಾವಿ ಹತ್ತಿರ ಭೀಮಾ ದಂಡೆಗೂ ಹೋಗುತ್ತೇನೆ. ಒಂದು ನಿಂತ ನೀರು, ಇನ್ನೊಂದು ಹರಿಯುವ ನೀರು. ಮೇವು ಎರಡಕ್ಕೂ ಬೇರೆ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಈ ಮೇವಿನ ವಿದ್ಯೆ ನಾನು ತೆಗೆದುಕೊಂಡದ್ದು ಯುರೋಪಿನಲ್ಲಿ ಬ್ರೀಮ್ ಹಿಡಿಯುವವರಿಂದ. ಬ್ರೀಮ್ ನಮ್ಮ ನೀರಿನ ಮೀನಲ್ಲ. ಇಂಗ್ಲೆಂಡ್, ಐರ್ಲೆಂಡ್ ಕಡೆಯ ನಿಧಾನ ನದಿ, ಕೆರೆಗಳಲ್ಲಿ ಇರುತ್ತದೆ. ಮೈ ಅಗಲ, ಪಕ್ಕದಿಂದ ಚಪ್ಪಟೆ. ಹಿಂಡು ಕಟ್ಟಿಕೊಂಡು ತಿರುಗುತ್ತದೆ. ಬಾಯಿಯನ್ನು ಮುಂದಕ್ಕೆ ಚಾಚಿ ತಳದ ಕೆಸರಿನಲ್ಲಿ ಇರುವುದನ್ನು ಹೀರುತ್ತದೆ. ಅದೂ ನಮ್ಮ ಮೃಗಾಲ್, ರೋಹು, ಕಟ್ಲಾ ಥರ ಗೆಂಡೆ ಕುಟುಂಬದ್ದೇ. ಆದರೆ ನಡತೆಯಲ್ಲಿ ಮೃಗಾಲ್‌ಗೇ ಹತ್ತಿರ. ಕಟ್ಲಾದ ಬಾಯಿ ಮೇಲಕ್ಕೆ ತೆರೆದಿರುತ್ತದೆ, ಅದು ಮೇಲುನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್ ಬಾಯಿ ಕೆಳಕ್ಕೆ ತಿರುಗಿದೆ, ಕೊಳೆತ ಎಲೆ, ಕೆಸರಿನ ಕಸ ತಿಂದು ತಳದಲ್ಲೇ ಬದುಕುತ್ತದೆ. ಸಾಮಾನ್ಯ ಗೆಂಡೆಯೂ ತಳ ಕೆದಕುವುದೇ. ಹಾಗಾಗಿ ನಾನು ಇಲ್ಲಿ ಹೇಳುವ ಮೇವು ಈ ಎರಡಕ್ಕೆ. ಕಟ್ಲಾ ಬೇಕು ಅನ್ನುವವರಿಗೆ ಇದರಿಂದ ಅಷ್ಟು ಉಪಯೋಗ ಆಗಲಿಕ್ಕಿಲ್ಲ.

ಇನ್ನೊಂದು ವಿಷಯ ತಿಳಿದಿರಬೇಕು. ಗೆಂಡೆ ಜಾತಿಯ ಮೀನಿಗೆ ನಮ್ಮ ಹಾಗೆ ಜಠರ ಇಲ್ಲ. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಇರುವ ಹಲ್ಲಿನಿಂದ ಅರೆದು ನೇರ ಕರುಳಿಗೆ ಕಳಿಸುತ್ತದೆ. ಅದಕ್ಕೇ ಅದು ಸ್ವಲ್ಪ ಸ್ವಲ್ಪ ತಿನ್ನುತ್ತಾ, ಹುಡುಕುತ್ತಾ ಇರುತ್ತದೆ. ಈ ಹುಡುಕಾಟವೇ ನಮಗೆ ಬೇಕಾದದ್ದು. ನೀರಲ್ಲಿ ವಾಸನೆ ಇರಬೇಕು, ಪುಡಿ ಇರಬೇಕು, ಆದರೆ ಹೊಟ್ಟೆ ತುಂಬುವಷ್ಟು ತಿನಿಸು ಇರಬಾರದು. ಹಿಂಡು ಅಲ್ಲೇ ಮೂಗು ಹಾಕಿಕೊಂಡು ಸುತ್ತಬೇಕು. ಅಷ್ಟರಲ್ಲಿ ನಮ್ಮ ಗಾಳದಲ್ಲಿರುವ ಒಂದು ತುತ್ತು ಅದರ ಬಾಯಿಗೆ ಬೀಳಬೇಕು.

ಬ್ರೀಮ್ ಹಿಡಿಯುವವರು ಇದಕ್ಕೆ ಬ್ರೆಡ್ ಪುಡಿ ಬಳಸುತ್ತಾರೆ. ನಮ್ಮಲ್ಲಿ ಅದರ ಜಾಗಕ್ಕೆ ಖಡಕ್ ರೊಟ್ಟಿ ಇದೆಯಲ್ಲ! ಮುರಿದು ಉಳಿದ ಜೋಳದ ಖಡಕ್ ರೊಟ್ಟಿಯನ್ನು ಒರಳಲ್ಲಿ ಕುಟ್ಟಿ, ರವೆ ಹಿಡಿಯುವ ಜರಡಿಯಲ್ಲಿ ಸೋಸಿಕೊಳ್ಳುತ್ತೇನೆ. ಹಸಿ ಜೋಳದ ಹಿಟ್ಟು ಅಂಟಾಗಿ ಮುದ್ದೆ ಕಟ್ಟಿ ತಳದಲ್ಲಿ ಹಾಗೇ ಕೂತುಬಿಡುತ್ತದೆ. ಬೆಂದು ಒಣಗಿದ ರೊಟ್ಟಿಯ ಪುಡಿ ಹಾಗಲ್ಲ. ನೀರು ಕುಡಿದು ಸಡಿಲಾಗುತ್ತದೆ, ಹೊಗೆ ಎದ್ದಂತೆ ಹರಡುತ್ತದೆ.

ಎರಡನೆಯದು ತೊಗರಿ ಚುನ್ನಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ನಮ್ಮ ಊರಿನ ದಾಲ್ ಮಿಲ್‌ಗಳಲ್ಲಿ ಬೇಳೆ ಆದ ಮೇಲೆ ಉಳಿಯುವ ನುಚ್ಚು, ಹೊಟ್ಟು, ಪುಡಿ ದನದ ಮೇವಿಗೆ ಹೋಗುತ್ತದೆ. ಅದೇ ಚುನ್ನಿ. ಅಗ್ಗ, ತೂಕ ಇದೆ, ಒಂದಷ್ಟು ಕಣ ಮುಳುಗುತ್ತದೆ, ಒಂದಷ್ಟು ಹೊಟ್ಟು ಮೇಲೇಳುತ್ತದೆ. ಈ ಏರಿಳಿತ ಮೀನನ್ನು ಎಳೆಯುತ್ತದೆ. ಮೂರನೆಯದು ಶೇಂಗಾ ಹಿಂಡಿ. ಎಣ್ಣೆಯ ವಾಸನೆ ಬರುವುದು ಇದರಿಂದಲೇ.

ಅಳತೆ ಹೇಳುತ್ತೇನೆ. ರೊಟ್ಟಿ ಪುಡಿ ಎರಡು ಪಾಲು, ಚುನ್ನಿ ಎರಡು ಪಾಲು, ಶೇಂಗಾ ಹಿಂಡಿ ಒಂದೇ ಪಾಲು. ಹಿಂಡಿ ಜಾಸ್ತಿ ಹಾಕುವವರನ್ನು ಬಹಳ ನೋಡಿದ್ದೇನೆ. ಹಿಂಡಿ ಅಂದರೆ ಮೀನಿಗೆ ಊಟ, ಊಟ ಆದ ಮೇಲೆ ಅದು ಯಾಕೆ ಹುಡುಕುತ್ತದೆ ಹೇಳಿ? ಮೇಲೆ ಹುರಿದು ಪುಡಿ ಮಾಡಿದ ಮೆಂತ್ಯ ಎರಡು ಚಮಚ, ಕರಗಿಸಿದ ಬೆಲ್ಲ ಸ್ವಲ್ಪ. ಬಡೇಸೋಪು ಪುಡಿಯನ್ನೂ ಕೆಲವರು ಹಾಕುತ್ತಾರೆ. ಎರಡು ವಾಸನೆ ಒಟ್ಟಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಲಸುವುದರಲ್ಲೇ ಅರ್ಧ ಕೆಲಸ ಇದೆ. ಮನೆಯಿಂದ ಒಣಗಿದ್ದನ್ನೇ ಒಯ್ಯುತ್ತೇನೆ. ದಂಡೆಯಲ್ಲಿ ಅಲ್ಲಿಯದೇ ನೀರು ಚಿಮುಕಿಸಿ, ಬೆರಳಲ್ಲಿ ಕೆದರುತ್ತಾ ಕಲಸಬೇಕು. ಒಮ್ಮೆಲೇ ನೀರು ಸುರಿದರೆ ಹೊರಗೆ ಅಂಟು, ಒಳಗೆ ಒಣ ಹಿಟ್ಟು. ಅರ್ಧ ನೀರು ಹಾಕಿ ಹದಿನೈದು ಇಪ್ಪತ್ತು ನಿಮಿಷ ಮುಚ್ಚಿಡಿ. ರೊಟ್ಟಿ ಪುಡಿ ನಿಧಾನ ನೀರು ಕುಡಿಯುತ್ತದೆ. ಆಮೇಲೆ ಬೇಕಾದಷ್ಟು ಮತ್ತೆ ಚಿಮುಕಿಸಿ, ಅಗಲ ಕಣ್ಣಿನ ಜರಡಿಯಲ್ಲಿ ಒಮ್ಮೆ ಉಜ್ಜಿ ಗಂಟು ಒಡೆಯಿರಿ. ಹದ ನೋಡುವುದು ಹೀಗೆ: ಒಂದು ಉಂಡೆ ಕಟ್ಟಿ ಬಕೆಟ್ ನೀರಿಗೆ ಬಿಡಿ. ಅದು ಇಡಿಯಾಗಿ ತಳ ಮುಟ್ಟಬೇಕು. ಮುಟ್ಟಿದ ಮೇಲೆ ಒಂದೆರಡು ನಿಮಿಷದಲ್ಲಿ ಒಡೆದು ಹರಡಬೇಕು. ನಡುವೆಯೇ ಒಡೆದರೆ ಮೇವು ಜಿಲೇಬಿ ಮೀನಿನ ಪಾಲು. ಒಡೆಯದೇ ಹೋದರೆ ತಳದಲ್ಲಿ ಕಲ್ಲು ಇಟ್ಟ ಹಾಗೆ.

ಭೀಮೆಯಲ್ಲಿ ಈ ಹದ ನಡೆಯುವುದಿಲ್ಲ. ಸೆಳೆತ ಉಂಡೆಯನ್ನು ಕೆಳಗೆ ಎಳೆದುಕೊಂಡು ಹೋಗುತ್ತದೆ. ಮೇವು ಹೋದ ಕಡೆ ಹಿಂಡೂ ಹೋಗುತ್ತದೆ. ಅಲ್ಲಿ ನಾನು ನಮ್ಮ ಕರಿ ಮಣ್ಣು ಸೇರಿಸುತ್ತೇನೆ. ಒಣ ಮಣ್ಣನ್ನು ಪುಡಿ ಮಾಡಿ ಸೋಸಿ, ಮೇವಿನಷ್ಟೇ ಪಾಲು ಬೆರೆಸಬೇಕು. ಕರಿ ಮಣ್ಣಿಗೆ ಅಂಟು ಇದೆ, ಭಾರ ಇದೆ, ಹೊಟ್ಟೆ ತುಂಬಿಸುವ ಗುಣ ಇಲ್ಲ. ಉಂಡೆ ತಳದಲ್ಲಿ ಕೂತು ನಿಧಾನ ಸವೆಯುತ್ತದೆ. ಬಣ್ಣಕ್ಕೂ ಒಳ್ಳೆಯದು. ನೀರು ತಿಳಿಯಾಗಿದ್ದಾಗ ಕಪ್ಪು ತಳದ ಮೇಲೆ ಬಿಳಿ ಮೇವು ಬಿದ್ದರೆ ದೊಡ್ಡ ಮೀನು ಅದರ ಮೇಲೆ ಬರಲು ಅಂಜುತ್ತದೆ. ಬ್ರೀಮ್ ಹಿಡಿಯುವವರೂ ಇದೇ ಕಾರಣಕ್ಕೆ ಮೇವಿಗೆ ಮಣ್ಣು ಬೆರೆಸಿ ಕಪ್ಪು ಮಾಡುತ್ತಾರೆ.

ಎಲ್ಲಿ ಹಾಕಬೇಕು? ಕಣ್ಣಿಗೆ ಚಂದ ಕಂಡ ಕಡೆ ಅಲ್ಲ. ಗಾಳದ ದಾರಕ್ಕೆ ಸೀಸದ ಗುಂಡು ಕಟ್ಟಿ, ಅಲ್ಲಲ್ಲಿ ಎಸೆದು ಆಳ ನೋಡಿ. ಹಿನ್ನೀರಿನ ತಳದಲ್ಲಿ ಮುಳುಗಿದ ಹೊಲದ ಒಡ್ಡು, ಹಳೇ ಹಳ್ಳದ ದಾರಿ ಇರುತ್ತದೆ. ಇಳಿಜಾರು ಮುಗಿದು ತಳ ಸಮ ಆಗುವ ಜಾಗ ಹುಡುಕಿ. ಹಿಂಡು ಓಡಾಡುವುದು ಆ ಅಂಚಿನಲ್ಲೇ. ಜಾಗ ಸಿಕ್ಕ ಮೇಲೆ ಆಚೆ ದಂಡೆಯ ಒಂದು ಮರವನ್ನೋ ಬಂಡೆಯನ್ನೋ ಗುರುತು ಇಟ್ಟುಕೊಂಡು, ಎಲ್ಲಾ ಉಂಡೆಯನ್ನೂ ಅದರ ನೇರಕ್ಕೇ ಎಸೆಯಿರಿ. ಮೇವು ಚದುರಿದರೆ ಹಿಂಡೂ ಚದುರುತ್ತದೆ.

ಮೊದಲು ಮೋಸಂಬಿ ಗಾತ್ರದ ಎಂಟು ಹತ್ತು ಉಂಡೆ. ಆಮೇಲೆ ಸದ್ದಿಲ್ಲದೆ ಕಾಯಬೇಕು. ಹಿಂಡು ಬಂದ ಗುರುತು ನೀರಿನ ಮೇಲೆ ಕಾಣುತ್ತದೆ. ತಳ ಕೆದಕಿದಾಗ ಕೆಸರಿನಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳುತ್ತವೆ. ಬೆಣ್ಣೆತೊರಾದಲ್ಲಿ ಬಲೆ ಬಿಡುವ ಹಿರಿಯ ಕಾಕಾ ಒಬ್ಬರು ಅದನ್ನು ನನಗೆ ತೋರಿಸಿ, “ಗುಳ್ಳಿ ಏಳ್ಲಿಕತ್ತಾವ ನೋಡು ತಮ್ಮಾ. ಈಗ ಏನೂ ಒಗಿಬ್ಯಾಡ, ಸುಮ್ನ ಕೂಡು,” ಅಂದಿದ್ದರು. ಮೇಯುತ್ತಿರುವ ಹಿಂಡಿನ ತಲೆ ಮೇಲೆ ದೊಡ್ಡ ಉಂಡೆ ಬಿದ್ದರೆ ಅದು ಚದುರಿಹೋಗುತ್ತದೆ. ಗುಳ್ಳೆ ಕಡಿಮೆಯಾದಾಗ ಮಾತ್ರ ನಿಂಬೆ ಗಾತ್ರದ ಒಂದೊಂದು ಉಂಡೆ. ಇಲ್ಲವೇ ಕೊಕ್ಕೆಯ ಮೇಲೆ ದಾರಕ್ಕೆ ಕಟ್ಟುವ ಸುರುಳಿ ತಂತಿಗೆ, ಅಂದರೆ ಸ್ಪ್ರಿಂಗ್‌ಗೆ, ಮೇವು ಮೆತ್ತಿ ಎಸೆಯುವುದು ಇನ್ನೂ ಒಳ್ಳೆಯದು. ಆಗ ಮೇವು, ತುತ್ತು ಎರಡೂ ಒಂದೇ ಕಡೆ ಬೀಳುತ್ತವೆ.

ತುತ್ತಿಗೆ ಎರೆಹುಳು, ಬೇಯಿಸಿದ ಗೋವಿನಜೋಳದ ಕಾಳು, ನೆನೆಸಿ ಬೇಯಿಸಿದ ಕಡಲೆ, ಯಾವುದಾದರೂ ನಡೆಯುತ್ತದೆ. ಅದೇ ತುತ್ತಿನ ಚೂರು ನಾಲ್ಕಾರು ಮೇವಿನಲ್ಲೂ ಸೇರಿರಲಿ. ಒಂದೇ ಮುದ್ದೆಗೆ ಆರೇಳು ಕೊಕ್ಕೆ ಸಿಕ್ಕಿಸಿ ಎಸೆಯುವ ರೂಢಿ ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಮೀನಿನ ಕಣ್ಣಿಗೆ, ಕಿವಿರಿಗೆ, ಹೊಟ್ಟೆಗೆ ಎಲ್ಲೆಂದರಲ್ಲಿ ಚುಚ್ಚುತ್ತದೆ. ಮರಿ ಸಿಕ್ಕರೆ ಬಿಡಲೂ ಬರುವುದಿಲ್ಲ. ಒಂದು ಕೊಕ್ಕೆ ಸಾಕು.

ಬೆಂಡು ಮುಳುಗುವುದನ್ನೇ ಕಾಯಬೇಡಿ. ಸೀಸದ ಗುಂಡು ಕೊಕ್ಕೆಯ ಹತ್ತಿರ ತಳದಲ್ಲಿ ಇದ್ದರೆ, ಮೀನು ತಲೆ ತಗ್ಗಿಸಿ ತುತ್ತು ತೆಗೆದುಕೊಂಡು ನೆಟ್ಟಗಾಗುವಾಗ ಗುಂಡೂ ಮೇಲೇಳುತ್ತದೆ. ಆಗ ಬೆಂಡು ಮೇಲಕ್ಕೆ ಎದ್ದು ಅಡ್ಡ ಬೀಳುತ್ತದೆ. ಎಳೆಯುವ ಹೊತ್ತು ಅದೇ. ಬರೀ ಅಲ್ಲಾಡಿದರೆ ಕೈ ಹಾಕಬೇಡಿ, ಹಿಂಡಿನ ಯಾವುದೋ ಮೀನಿನ ಮೈ ದಾರಕ್ಕೆ ತಾಗಿರುತ್ತದೆ. ಸಿಕ್ಕ ಮೀನನ್ನು ಆದಷ್ಟು ಬೇಗ ಹಿಂಡಿನಿಂದ ಪಕ್ಕಕ್ಕೆ ಎಳೆದುಕೊಳ್ಳಿ.

ನಮ್ಮ ಬೇಸಿಗೆಯಲ್ಲಿ ನಡುಹಗಲು ಮೇವು ಹಾಕಿ ಫಲವಿಲ್ಲ. ಬಿಸಿಲು ಏರುವ ಮೊದಲು, ಇಲ್ಲವೇ ಸಂಜೆ. ಚಳಿಗಾಲದಲ್ಲಿ ಮೇವು ಅರ್ಧಕ್ಕೆ ಇಳಿಸಿ, ನೀರು ತಂಪಾದರೆ ಮೀನು ತಿನ್ನುವುದು ಕಡಿಮೆ. ಮಳೆಗಾಲದಲ್ಲಿ ಹೊಸ ನೀರು ಬಂದಾಗ ನಾನು ಗಾಳ ಮುಟ್ಟುವುದಿಲ್ಲ. ಅವು ಮೊಟ್ಟೆ ಇಡುವ ಕಾಲ. ಜಲಾಶಯದ ಮೀನಿನ ಹಕ್ಕು ಗುತ್ತಿಗೆ ಹಿಡಿದವರದ್ದು ಆಗಿರುತ್ತದೆ, ಅವರನ್ನು ಕೇಳಿಯೇ ಕೂರಿ.

ಹಿಂಡಿಯ ಬಗ್ಗೆ ಒಂದು ಮಾತು ಉಳಿಯಿತು. ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನು ಮೀನಿಗೆ ನಡೆಯುತ್ತದೆ ಅಂತ ಕೆಲವರು ತರುತ್ತಾರೆ. ಬೇಡ. ಆ ಬೂಸ್ಟಿನಲ್ಲಿ ಅಫ್ಲಟಾಕ್ಸಿನ್ ಅನ್ನುವ ವಿಷ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಹಿಂಡಿ ತಿಂದು ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಿದ್ದವು. ಕೈಯಲ್ಲಿ ಮುರಿದು ಮೂಸಿ ನೋಡಿ. ಶೇಂಗಾ ವಾಸನೆ ಬಂದರೆ ಮಾತ್ರ ತನ್ನಿ. ಒಣ ಮೇವು ಉಳಿದರೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಕಲಸಿದ್ದು ನಮ್ಮ ಸೆಕೆಗೆ ಮರುದಿನಕ್ಕೆ ಹುಳಿಯಾಗುತ್ತದೆ. ಅದನ್ನು ನೀರಿಗೂ ಸುರಿಯಬೇಡಿ, ದನಕ್ಕೂ ಹಾಕಬೇಡಿ, ಮಣ್ಣಲ್ಲಿ ಹೂತುಬಿಡಿ.