ಇಂಗಿನ ಡಬ್ಬಿ ತಿರುಗಿಸಿ ನೋಡಿ

ನಮ್ಮ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ), ಜೊತೆಗೆ ಸೀಲಿಯಾಕ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಕರುಳಿಗೆ ಆಗದ ಕಾಯಿಲೆ. ಗೋಧಿ, ಬಾರ್ಲಿ ಪೂರ್ತಿ ಬಂದ್. ಕಾಸರಗೋಡಿನ ನಮ್ಮ ಬದಿಯಡ್ಕದಲ್ಲಿ ಅದೇನು ದೊಡ್ಡ ಕಷ್ಟ ಅಂದುಕೊಂಡಿದ್ದೆವು. ನೀರುದೋಸೆ, ಪುಂಡಿ, ಗಂಜಿ ಎಲ್ಲ ಅಕ್ಕಿಯದ್ದೇ ಅಲ್ವಾ? ಆದರೂ ಹೊಟ್ಟೆ ಉಬ್ಬರ ಹೋಗಲಿಲ್ಲ. ಮಾತು ಬಾರದ ಹುಡುಗ, ಕಾಲು ಬಿಗಿ ಮಾಡಿ ಅಳುತ್ತಿದ್ದ. ಕೊನೆಗೆ ಸಿಕ್ಕಿದ್ದು ಸಾರಿನ ಇಂಗಿನಲ್ಲಿ! ಅಂಗಡಿಯ ಇಂಗಿನ ಪುಡಿಗೆ ಮೈದಾ ಬೆರೆಸುವುದೇ ಜಾಸ್ತಿ. ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಈಗ ನಮ್ಮಲ್ಲಿ ಒಗ್ಗರಣೆಗೆ ಬೆಳ್ಳುಳ್ಳಿ ಮಾತ್ರ.

ಹಾಲಿಗೆ ಮಾಲ್ಟ್ ಪುಡಿಯೂ ಬೇಡ, ಅದು ಬಾರ್ಲಿಯದ್ದು. ಅಕ್ಕಿ ಹಿಟ್ಟು ಮಿಲ್ಲಿನಲ್ಲಿ ಮಾಡಿಸಬೇಡಿ, ಗೋಧಿ ಬೀಸಿದ ಕಲ್ಲಿಗೇ ಅಕ್ಕಿಯನ್ನೂ ಹಾಕುತ್ತಾರೆ. ಮನೆಯ ಮಿಕ್ಸಿ ಸಾಕು. ನುಂಗಲು ಕಷ್ಟವಾಗುವ ಮಕ್ಕಳಿಗೆ ಊಟ ಎಷ್ಟು ಗಟ್ಟಿ ಇರಬೇಕು ಅಂತ ಥೆರಪಿಸ್ಟ್ ಹತ್ತಿರ ಕೇಳಿ. ನಾವು ಕುಚ್ಚಲಕ್ಕಿ ಗಂಜಿ ನುಣ್ಣಗೆ ಅರೆದು ಕೊಡುತ್ತೇವೆ.