ಎಂಡೋಥೀಲಿನ್, ಎಎನ್‌ಪಿ ಮತ್ತು ಒಂದು ಚೂರು ಹೃತ್ಕರ್ಣ: ನನ್ನ ಅನುಭವ

ಮೊದಲ ಮೂರು ವಾರ ನನ್ನ ಗ್ರಾಫ್‌ನಲ್ಲಿ ಬಂದಿದ್ದು ಬರೀ ಸಪಾಟು ಗೆರೆ. ಇಲಿಯ ಹೃತ್ಕರ್ಣಕ್ಕೆ, ಅಂದರೆ ಹೃದಯದ ಮೇಲಿನ ಕೋಣೆಗೆ, ಎಂಡೋಥೀಲಿನ್ ಕೊಟ್ಟು, ಎಎನ್‌ಪಿ ಹಾರ್ಮೋನ್ ಜಾಸ್ತಿ ಹೊರಬರುತ್ತದಾ ಅಂತ ನೋಡುತ್ತಿದ್ದೆ. ಏನೂ ಆಗುತ್ತಿರಲಿಲ್ಲ.

ಎಎನ್‌ಪಿ ಹೃದಯದ ಮೇಲಿನ ಕೋಣೆಗಳಲ್ಲಿ ಸಣ್ಣ ಕಣಗಳಾಗಿ ಕೂಡಿಟ್ಟಿರುತ್ತದೆ. ಕೋಣೆ ಹಿಗ್ಗಿದಾಗ ರಕ್ತಕ್ಕೆ ಇಳಿದು, ಮೂತ್ರದಲ್ಲಿ ಉಪ್ಪು, ನೀರು ಹೊರಹೋಗುವಂತೆ ಮಾಡುತ್ತದೆ. 1981ರಲ್ಲಿ ಕೆನಡಾದ ಡಿ ಬೋಲ್ಡ್ ಮತ್ತು ಜೊತೆಗಾರರು ಹೃತ್ಕರ್ಣದ ಸಾರವನ್ನು ಇಲಿಗಳಿಗೆ ಚುಚ್ಚಿ ಈ ಗುಣ ತೋರಿಸಿದರು. ಎಂಡೋಥೀಲಿನ್ ಹುಟ್ಟುವುದು ರಕ್ತನಾಳದ ಒಳಪದರದಲ್ಲಿ. 21 ಅಮೈನೋ ಆಮ್ಲಗಳ ಈ ಪೆಪ್ಟೈಡನ್ನು (ಪುಟ್ಟ ಪ್ರೋಟೀನ್ ಸರ) 1988ರಲ್ಲಿ ಜಪಾನಿನ ಯಾನಗಿಸಾವಾ, ಮಸಾಕಿ ತಂಡ ಕಂಡುಹಿಡಿಯಿತು. ನಾಳವನ್ನು ಬಿಗಿಯುವುದರಲ್ಲಿ ಇದಕ್ಕೆ ಸಾಟಿ ಕಡಿಮೆ.

ಆ ಬಿಗಿತವೇ ಒಂದು ತೊಡಕು. ಇಡೀ ಹೃದಯಕ್ಕೆ ಕೊಟ್ಟರೆ ಹೃದಯದ್ದೇ ನಾಳಗಳು ಬಿಗಿಯುತ್ತವೆ, ಆಮ್ಲಜನಕ ಸಾಲುವುದಿಲ್ಲ. ಆಮ್ಲಜನಕ ಕಡಿಮೆಯಾದರೂ ಎಎನ್‌ಪಿ ಏರುತ್ತದೆ. ಆಗ ಏರಿದ್ದು ಯಾವುದರಿಂದ ಅಂತ ಹೇಳೋದು ಹೇಗೆ? ಅದಕ್ಕೇ ನಾನು ಎಡ ಹೃತ್ಕರ್ಣ ಮಾತ್ರ ಬಿಡಿಸಿಕೊಂಡೆ. ತೆಳು ಗೋಡೆ, ಸುತ್ತಲಿನ ದ್ರಾವಣದಿಂದಲೇ ಆಮ್ಲಜನಕ ಸಿಗುತ್ತದೆ.

37 ಡಿಗ್ರಿಯ ಕ್ರೆಬ್ಸ್ ದ್ರಾವಣದಲ್ಲಿ (ರಕ್ತದಲ್ಲಿರುವಂಥ ಲವಣಗಳ ನೀರು) ದಾರಕ್ಕೆ ಕಟ್ಟಿ ಇಳಿಬಿಟ್ಟರೆ ಅದು ಸುಮ್ನೆ ತೂಗಾಡುತ್ತದೆ. ಬಡಿತ ಹುಟ್ಟುವ ಗಂಟು ಬಲಗಡೆ ಉಳಿದುಹೋಯಿತಲ್ವಾ? ಕರೆಂಟ್ ಕೊಟ್ಟೊಡನೆ ದಾರ ಮಿಡಿಯತೊಡಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಎಂಡೋಥೀಲಿನ್ ಬಡಿತದ ವೇಗವನ್ನೂ ಬದಲಿಸಬಲ್ಲದು. ಇಲ್ಲಿ ವೇಗ ನನ್ನ ಕೈಯಲ್ಲೇ ಇತ್ತು, ಆ ಅನುಮಾನಕ್ಕೆ ಜಾಗ ಇರಲಿಲ್ಲ.

ಆದರೂ ಸಪಾಟು ಗೆರೆ! ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: “ಆಲ್ಬುಮಿನ್ ಹಾಕಿದೀಯೇನಮ್ಮಾ?” ಹಾಕಿರಲಿಲ್ಲ. ನ್ಯಾನೊಮೋಲಾರ್ ಮಟ್ಟದಷ್ಟು ತೆಳುವಾದ ಪೆಪ್ಟೈಡ್ ಪ್ಲಾಸ್ಟಿಕ್ ನಳಿಕೆಯ ಗೋಡೆಗೇ ಅಂಟಿಕೊಂಡು, ಹೃತ್ಕರ್ಣದವರೆಗೆ ತಲುಪುತ್ತಲೇ ಇರಲಿಲ್ಲ. ಆಲ್ಬುಮಿನ್ ಒಂದು ಪ್ರೋಟೀನ್, ಅದು ಗೋಡೆಯನ್ನು ಮುಚ್ಚಿ ಪೆಪ್ಟೈಡ್ ಅಂಟದಂತೆ ತಡೆಯುತ್ತದೆ. ದ್ರಾವಣಕ್ಕೆ ಅದನ್ನು ಚೂರು ಬೆರೆಸಿದೆ. ಅವತ್ತು ಮೊದಲ ಸಲ ಗೆರೆ ಮೇಲೆದ್ದಿತು.

ಆಮೇಲೆ ದಾರವನ್ನು ಸ್ವಲ್ಪ ಎಳೆದು ಹೃತ್ಕರ್ಣ ಹಿಗ್ಗಿಸಿದೆ. ಬರೀ ಎಳೆದಾಗಲೂ ಎಎನ್‌ಪಿ ಏರಿತು. ಎಂಡೋಥೀಲಿನ್ ಇರುವಾಗ ಎಳೆದರೆ ಬಂದ ಏರಿಕೆ, ಎರಡನ್ನೂ ಬೇರೆಬೇರೆ ಮಾಡಿ ಕೂಡಿಸಿದ್ದಕ್ಕಿಂತ ಜಾಸ್ತಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ನಾಳದ ಪೆಪ್ಟೈಡ್ ಹೃದಯಕ್ಕೆ ಹಾರ್ಮೋನ್ ಬಿಡು ಅಂತ ಹೇಳುವುದಷ್ಟೇ ಅಲ್ಲ, ಎಳೆತಕ್ಕೆ ಅದರ ಸ್ಪಂದನವನ್ನೂ ಹೆಚ್ಚಿಸುತ್ತದೆ. ಎಂಡೋಥೀಲಿನ್ ಬಂದು ಹಿಡಿಯುವ, ಜೀವಕೋಶದ ಮೇಲಿನ ‘ಎ’ ಬಗೆಯ ಗ್ರಾಹಕವನ್ನು ಬಿಕ್ಯು-123 ಎಂಬ ತಡೆಮದ್ದು ಹಾಕಿ ಮೊದಲೇ ಮುಚ್ಚಿದಾಗ ಆ ಹೆಚ್ಚುವರಿ ಏರಿಕೆ ಹೆಚ್ಚುಕಡಿಮೆ ಮಾಯವಾಯಿತು.

ನೀವೂ ಇದನ್ನು ಮಾಡುವವರಾದರೆ ಒಂದು ಮಾತು. ಎಂಡೋಥೀಲಿನ್ ಗ್ರಾಹಕವನ್ನು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ತೊಳೆದು ಅದೇ ಚೂರಿಗೆ ಇನ್ನೊಂದು ಪ್ರಮಾಣ ಕೊಡಬೇಡಿ. ಪ್ರತಿ ಪ್ರಮಾಣಕ್ಕೂ ಹೊಸ ಹೃತ್ಕರ್ಣವೇ ಬೇಕು. ಸಂಗ್ರಹಿಸಿದ ದ್ರಾವಣವನ್ನು ತಕ್ಷಣ ಐಸ್ ಮೇಲಿಡಿ, ಇಲ್ಲವಾದರೆ ಅಳೆಯುವ ಹೊತ್ತಿಗೆ ಎಎನ್‌ಪಿ ಒಡೆದುಹೋಗಿರುತ್ತದೆ.