ಪದ್ಮಿನಿ ನೋಡೋ ಕಣ್ಣಲ್ಲಿ ಝೆನ್ ನೋಡಬೇಡಿ

ಹನುಮಂತನಗರದ ನಮ್ಮ ಮನೆಯಲ್ಲಿ ಎರಡೂ ಇವೆ. ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ, ನನ್ನ 1997ರ ಮಾರುತಿ ಝೆನ್. ಹಳೇ ಕಾರು ಕೊಳ್ಳಲು ಹೊರಟವರೆಲ್ಲ ‘ಯಾವುದು ಒಳ್ಳೇದು?’ ಅಂತ ಕೇಳುತ್ತಾರೆ. ಒಂದರಲ್ಲಿ ಸಹಜವಾಗಿರೋದು ಇನ್ನೊಂದರಲ್ಲಿ ಕಾಯಿಲೆ. ಹಾಗಾಗಿ ಮೊದಲು ಪ್ರತಿ ಕಾರನ್ನೂ ಅದೇ ಕಾರು ಹೊಸದಾಗಿದ್ದಾಗ ಹೇಗಿತ್ತೋ ಅದರ ಜೊತೆಗೇ ಹೋಲಿಸಿ ನೋಡಿ.

ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100, ಅಂದರೆ ಹಳೇ ಕಾಲದ ವಿನ್ಯಾಸ. ಸ್ಟೀರಿಂಗ್‌ನಲ್ಲಿ ಚೂರು ಪ್ಲೇ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲ್ಲಾಡೋದು) ಇದ್ದರೆ ಗಾಬರಿ ಬೇಡ. ಝೆನ್‌ನಲ್ಲಿ ಅಷ್ಟೇ ಪ್ಲೇ ಇದ್ದರೆ ಏನೋ ಸವೆದಿದೆ ಅಂತಲೇ ಅರ್ಥ. ಬ್ರೇಕೂ ಅಷ್ಟೇ. ಝೆನ್‌ಗೆ ಮುಂದೆ ಡಿಸ್ಕ್, ಪದ್ಮಿನಿಗೆ ನಾಲ್ಕೂ ಡ್ರಮ್. ಪದ್ಮಿನಿ ನಿಲ್ಲೋದು ನಿಧಾನ ಆದರೆ ಪರವಾಗಿಲ್ಲ, ಒಂದು ಪಕ್ಕಕ್ಕೆ ಎಳೆದರೆ ಮಾತ್ರ ಸುಮ್ಮನಿರಬೇಡಿ.

ಎರಡಕ್ಕೂ ನಿಜವಾದ ಪರೀಕ್ಷೆ ಬೆಂಗಳೂರಿನ ಟ್ರಾಫಿಕ್. ಖಾಲಿ ರಸ್ತೆಯಲ್ಲಿ ಬೆಳಗ್ಗೆ ಓಡಿಸಿ ತೋರಿಸ್ತೀನಿ ಅಂದರೆ ಒಪ್ಪಬೇಡಿ. ಸಂಜೆ ಆರಕ್ಕೆ ಮಿನರ್ವ ಸರ್ಕಲ್ ಕಡೆ ಹೋಗಿ. ಪದ್ಮಿನಿಯಲ್ಲಿ ಇಂಜಿನ್ ತಂಪು ಮಾಡೋ ಫ್ಯಾನ್ ಇಂಜಿನ್ ಬೆಲ್ಟ್‌ನಿಂದ ತಿರುಗುತ್ತದೆ. ಗಾಡಿ ನಿಂತಲ್ಲೇ ನಿಂತಾಗ ಇಂಜಿನ್ ನಿಧಾನ, ಫ್ಯಾನೂ ನಿಧಾನ. ಬಿಸಿಗೆ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಕಾರು ಕೆಮ್ಮಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದರೆ ಮತ್ತೆ ಹೊರಡುತ್ತದೆ. ಅಪ್ಪನ ಡಿಕ್ಕಿಯಲ್ಲಿ ಅದಕ್ಕಂತಲೇ ಒಂದು ಹಳೇ ಪಂಚೆ ಇದೆ. ಝೆನ್‌ಗೆ ಎಲೆಕ್ಟ್ರಿಕ್ ಫ್ಯಾನ್. ಟೆಂಪರೇಚರ್ ಮುಳ್ಳು ಅರ್ಧ ದಾಟುವಷ್ಟರಲ್ಲಿ ಫ್ಯಾನ್ ಗುಯ್ ಅಂತ ಶುರುವಾಗಬೇಕು. ಆಗದಿದ್ದರೆ ಅಲ್ಲೇ ಇಂಜಿನ್ ಆಫ್ ಮಾಡಿ. ಇದರ 993 ಸಿಸಿ ಇಂಜಿನ್ ಪೂರ್ತಿ ಅಲ್ಯೂಮಿನಿಯಂ, ವಿಪರೀತ ಬಿಸಿಯಾದರೆ ಹೆಡ್ (ಇಂಜಿನ್‌ನ ಮೇಲ್ಭಾಗ) ಸೊಟ್ಟಗಾಗುತ್ತದೆ. ಒದ್ದೆ ಬಟ್ಟೆಯಿಂದ ಅದು ಸರಿಹೋಗಲ್ಲ.

ಇಂಜಿನ್‌ಗಿಂತ ಜಾಸ್ತಿ ಹೊತ್ತು ತುಕ್ಕು ಹುಡುಕಿ. ಇಂಜಿನ್ ಬಿಚ್ಚಿ ಕಟ್ಟಬಹುದು, ಕಾರಿನ ಬಾಡಿ ಕೊಳೆತರೆ ಟಿಂಕರಿಂಗ್ (ತಗಡಿನ ರಿಪೇರಿ) ಖರ್ಚು ಮುಗಿಯೋದೇ ಇಲ್ಲ. ಕಾಲಡಿಯ ಮ್ಯಾಟ್ ಎತ್ತಿ ಹೆಬ್ಬೆರಳಿಂದ ಒತ್ತಿ. ಜಾಕ್ ಹಾಕುವ ಜಾಗ, ಬಾಗಿಲ ಕೆಳಗಿನ ಅಂಚು, ಸ್ಟೆಪ್ನಿ ಕೆಳಗಿನ ಗುಂಡಿ, ಎಲ್ಲ ಮುಟ್ಟಿ ನೋಡಿ. ಚಿಕ್ಕ ಮ್ಯಾಗ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಬಾಡಿಯ ಮೇಲೆ ಹಿಡಿಯಿರಿ. ಅಂಟಿಕೊಳ್ಳದ ಕಡೆ ಬಣ್ಣದ ಕೆಳಗೆ ಪುಟ್ಟಿ ಇದೆ. ಪದ್ಮಿನಿಯ ತಗಡು ದಪ್ಪ ಅಂತ ಎಲ್ಲರೂ ಹೊಗಳುತ್ತಾರೆ, ತುಕ್ಕಿಗೆ ಅದೆಲ್ಲ ಲೆಕ್ಕಕ್ಕಿಲ್ಲ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇದ್ದೇ ಇವೆ. ಆದರೆ ಪದ್ಮಿನಿಯ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಟ್ಯೂನ್ ಮಾಡೋ ಮೆಕ್ಯಾನಿಕ್‌ನ ಮೊದಲು ಹುಡುಕಿ, ಆಮೇಲೆ ಅಡ್ವಾನ್ಸ್ ಕೊಡಿ. ದಿನಾ ವೈಟ್‌ಫೀಲ್ಡ್‌ಗೆ ಹೋಗೋರಾದರೆ ಝೆನ್ ತಗೊಳ್ಳಿ, ಸುಮ್ನೆ ಯೋಚನೆ ಬೇಡ. ಭಾನುವಾರ ಗಾಂಧಿ ಬಜಾರ್‌ಗೆ ಹೋಗಿ ದೋಸೆ ತಿಂದು ಬರೋಕೆ ಪದ್ಮಿನಿ ಸಾಕು.

ಕೊನೆಗೆ ಕಾಗದ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು, ಅದಕ್ಕೆ ಮುಂಚೆ ಗಾಡಿಯ ತಪಾಸಣೆ ಆಗಬೇಕು. ಚಾಸಿ ನಂಬರ್ ಆರ್‌ಸಿಯಲ್ಲಿ ಇರೋದೇನಾ ಅಂತ ಒಂದೊಂದೇ ಅಂಕಿ ಓದಿ ನೋಡಿ. ಅವಧಿ ಮುಗಿದಿದ್ದರೆ ಮಾರುವವರೇ ಆರ್‌ಟಿಒಗೆ ಓಡಾಡಿ ರಿನ್ಯೂ ಮಾಡಿಸಿ ಕೊಡಲಿ.